ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರೂ ಇರಬೇಕೇ? ಹೈಕೋರ್ಟ್ ತೀರ್ಪು ಮತ್ತು ಲಿಂಗತ್ವ ಅಲ್ಪಸಂಖ್ಯಾತರ ದಾಖಲೆಗಳು

ತುಂಗಾತೀರ | 6 ಜನವರಿ 2025

ಕಳೆದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು ನೀಡಿದ ತೀರ್ಪಿನ ಬಗ್ಗೆ ಕಾನೂನು ಬಲ್ಲವರೂ ಕಚೇರಿಯ ಕೆಲಸ ಬಲ್ಲವರೂ ಇಲ್ಲಿ ಮಾತನಾಡಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಟ್ರಾನ್ಸ್ ಮಹಿಳೆಯೊಬ್ಬರು ತಮ್ಮ ಜನನ ಪ್ರಮಾಣಪತ್ರದಲ್ಲಿ ಹೆಸರು ಮತ್ತು ಲಿಂಗವನ್ನು ಬದಲಿಸಿಕೊಡುವಂತೆ ಕೇಳಿದಾಗ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ನೋಂದಣಾಧಿಕಾರಿಯವರು ಅರ್ಜಿಯನ್ನು ತಿರಸ್ಕರಿಸಿದ್ದರು. ನ್ಯಾಯಾಲಯ ಆ ನಿರಾಕರಣೆಯನ್ನು ಒಪ್ಪಲಿಲ್ಲ. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆಯಡಿ ಜಿಲ್ಲಾಧಿಕಾರಿ ನೀಡಿದ ಪ್ರಮಾಣಪತ್ರವನ್ನು ಆಧರಿಸಿ ಪರಿಷ್ಕೃತ ಜನನ ಪ್ರಮಾಣಪತ್ರ ಕೊಡಬೇಕೆಂದೂ, 1969ರ ಜನನ ಮರಣ ನೋಂದಣಿ ಕಾಯ್ದೆಗೆ ತಕ್ಕ ತಿದ್ದುಪಡಿಯಾಗುವ ತನಕ ಇದೇ ವ್ಯವಸ್ಥೆ ನಡೆಯಬೇಕೆಂದೂ ಹೇಳಿತು. ತಿದ್ದುಪಡಿಗಳನ್ನು ಸೂಚಿಸುವ ಕೆಲಸವನ್ನು ರಾಜ್ಯ ಕಾನೂನು ಆಯೋಗಕ್ಕೆ ಒಪ್ಪಿಸಿತು. ಇಷ್ಟರ ಮಟ್ಟಿಗೆ ನನಗೆ ತುಂಬು ಸಂತೋಷವಿದೆ.

ಆದರೆ ಹೊಸ ಪ್ರಮಾಣಪತ್ರದಲ್ಲಿ ಹಿಂದಿನ ಹೆಸರು ಮತ್ತು ಲಿಂಗ, ಈಗಿನ ಹೆಸರು ಮತ್ತು ಲಿಂಗ, ಎರಡೂ ಇರುತ್ತವೆ. ನನ್ನ ಪ್ರಶ್ನೆ ಇರುವುದು ಇಲ್ಲಿಯೇ. ನನ್ನ ಬಳಿ ಜಿಲ್ಲಾಧಿಕಾರಿಯವರ ಪ್ರಮಾಣಪತ್ರವಿದೆ, ಆಧಾರ್ ಬದಲಾಗಿದೆ, ಬ್ಯಾಂಕಿನ ಪಾಸ್‌ಬುಕ್ಕೂ ಬದಲಾಗಿದೆ. ಜನನ ಪ್ರಮಾಣಪತ್ರ ಮತ್ತು ಎಸ್ಎಸ್ಎಲ್‌ಸಿ ಅಂಕಪಟ್ಟಿ ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿವೆ. ಒಂದು ಕೆಲಸದ ದಾಖಲೆ ಪರಿಶೀಲನೆಗೆ ಹೋದಾಗ ಮೇಜಿನ ಆಚೆಗಿದ್ದವರು ಅಂಕಪಟ್ಟಿಯನ್ನು ಕೈಗೆತ್ತಿಕೊಂಡು, ನನ್ನ ಮುಖ ನೋಡಿ, ಮತ್ತೆ ಹಾಳೆ ನೋಡಿ, ಅದರಲ್ಲಿದ್ದ ಹೆಸರನ್ನು ಇಡೀ ಸಭಾಂಗಣಕ್ಕೆ ಕೇಳುವಂತೆ ಗಟ್ಟಿಯಾಗಿ ಕೂಗಿದರು. ಸಾಲಿನಲ್ಲಿ ಕುಳಿತವರೆಲ್ಲ ತಿರುಗಿ ನೋಡಿದರು. ಆ ವ್ಯಕ್ತಿ ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಕಾಗದದಲ್ಲಿದ್ದುದನ್ನು ಓದಿದರು, ಅಷ್ಟೆ. ಎರಡು ಹೆಸರಿನ ಜನನ ಪ್ರಮಾಣಪತ್ರವನ್ನು ತೆಗೆದುಕೊಂಡು ಹೋದರೆ ನಾಳೆ ಇನ್ನೊಬ್ಬರು ಅದನ್ನೇ ಓದುವುದಿಲ್ಲವೇ?

ವಕೀಲ_ಧಾರವಾಡ | 6 ಜನವರಿ 2025

ತುಂಗಾತೀರ ಅವರೇ, ನಿಮ್ಮ ಪ್ರಶ್ನೆಗೆ ಉತ್ತರಿಸುವ ಮುನ್ನ ಕಾನೂನು ಎಲ್ಲಿಯವರೆಗೆ ನಿಮ್ಮ ಕೈ ಹಿಡಿದಿದೆ ಎಂಬುದನ್ನು ಹೇಳುವುದು ಅಗತ್ಯ, ಏಕೆಂದರೆ ಹಲವು ಕಚೇರಿಗಳಲ್ಲಿ ಇರುವ ಹಕ್ಕನ್ನೂ ಇಲ್ಲವೆಂದು ಹೇಳಿ ಕಳುಹಿಸುವುದನ್ನು ನೋಡಿದ್ದೇನೆ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ, ತಾನು ಯಾರೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದೂ, ಅದಕ್ಕಾಗಿ ಶಸ್ತ್ರಚಿಕಿತ್ಸೆಯಾಗಿರಬೇಕೆಂದು ಒತ್ತಾಯಿಸುವುದು ಕಾನೂನಿಗೆ ವಿರುದ್ಧವೆಂದೂ ಹೇಳಿತು. 2020ರ ಜನವರಿ 10ರಿಂದ ಜಾರಿಗೆ ಬಂದ 2019ರ ಕಾಯ್ದೆಯ 4ನೇ ಕಲಂ ಈ ಹಕ್ಕನ್ನು ಒಪ್ಪುತ್ತದೆ. 5 ಮತ್ತು 6ನೇ ಕಲಂಗಳ ಪ್ರಕಾರ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಿ ಟ್ರಾನ್ಸ್‌ಜೆಂಡರ್ ವ್ಯಕ್ತಿ ಎಂಬ ಪ್ರಮಾಣಪತ್ರ ಪಡೆಯಬಹುದು. 2020ರ ನಿಯಮಗಳು ಇದನ್ನು ಇನ್ನಷ್ಟು ಬಿಡಿಸಿ ಹೇಳುತ್ತವೆ: ಅರ್ಜಿದಾರರ ಅಫಿಡವಿಟ್ ಸಾಕು, ದೈಹಿಕ ಅಥವಾ ವೈದ್ಯಕೀಯ ಪರೀಕ್ಷೆ ನಡೆಸುವಂತಿಲ್ಲ, ಮೂವತ್ತು ದಿನಗಳೊಳಗೆ ಪ್ರಮಾಣಪತ್ರ ಕೊಡಬೇಕು. ತಿರಸ್ಕರಿಸಿದರೆ ತೊಂಬತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ನಿಮಗೆ ಮುಖ್ಯವಾದುದು ಮುಂದಿನ ಭಾಗ. ಪ್ರಮಾಣಪತ್ರಕ್ಕೆ ಅನುಗುಣವಾಗಿ ಎಲ್ಲ ಅಧಿಕೃತ ದಾಖಲೆಗಳಲ್ಲಿ ಲಿಂಗವನ್ನು ನಮೂದಿಸಬೇಕೆಂದು 6ನೇ ಕಲಮಿನ 2ನೇ ಉಪಕಲಂ ಹೇಳುತ್ತದೆ. ಜನನ ಪ್ರಮಾಣಪತ್ರದಲ್ಲೂ ಇತರ ಗುರುತಿನ ದಾಖಲೆಗಳಲ್ಲೂ ಮೊದಲ ಹೆಸರನ್ನು ಬದಲಿಸಿಕೊಳ್ಳುವ ಹಕ್ಕು ಇದೆ ಎಂದು 7ನೇ ಕಲಮಿನ 3ನೇ ಉಪಕಲಂ ಹೇಳುತ್ತದೆ. ನಿಯಮಗಳ ಅನುಬಂಧದಲ್ಲಿ ಅಧಿಕೃತ ದಾಖಲೆಗಳ ಪಟ್ಟಿಯೇ ಇದ್ದು, ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಶಾಲಾ ಪ್ರಮಾಣಪತ್ರಗಳು ಅದರಲ್ಲಿ ಸೇರಿವೆ. ಹೀಗಿರುವಾಗ ಕಾನೂನಿನಲ್ಲಿ ಅವಕಾಶವಿಲ್ಲವೆಂಬ ಹಿಂಬರಹ ಏಕೆ ಬರುತ್ತದೆ? 1969ರ ಕಾಯ್ದೆಯ 15ನೇ ಕಲಂ ತಪ್ಪಾಗಿ ಅಥವಾ ವಂಚನೆಯಿಂದ ಮಾಡಿದ ನಮೂದನ್ನು ತಿದ್ದುವುದಕ್ಕೆ ಮಾತ್ರ ಅವಕಾಶ ಕೊಡುತ್ತದೆ. ಮಗು ಹುಟ್ಟಿದ ದಿನ ಬರೆದ ನಮೂದು ಆ ದಿನದ ಮಟ್ಟಿಗೆ ತಪ್ಪಲ್ಲ, ಆದ್ದರಿಂದ ತಿದ್ದಲಾಗದು ಎಂಬುದು ನೋಂದಣಾಧಿಕಾರಿಗಳ ವಾದ. ಹಳೆಯ ಕಾಯ್ದೆಗೆ ಹೊಸ ಕಾಯ್ದೆಯ ಪರಿಚಯವೇ ಇಲ್ಲ. ಎರಡರ ನಡುವಿನ ಈ ಕಂದಕವನ್ನು ಹೈಕೋರ್ಟ್ ತನ್ನ ನಿರ್ದೇಶನದಿಂದ ತಾತ್ಕಾಲಿಕವಾಗಿ ತುಂಬಿದೆ.

ಎರಡೂ ಹೆಸರಿರುವುದು ಸರಿಯೇ ಎಂಬ ಪ್ರಶ್ನೆಯನ್ನು ನಾನು ಶಾಸಕಾಂಗಕ್ಕೆ ಸೇರಿದ ಪ್ರಶ್ನೆಯೆಂದು ನೋಡುತ್ತೇನೆ. ತಿದ್ದುಪಡಿ ಇನ್ನೂ ಆಗಬೇಕಿರುವುದರಿಂದ ಈಗ ಮಾತನಾಡುವುದಕ್ಕೆ ಅರ್ಥವಿದೆ.

ನಿವೃತ್ತ_ಲೆಕ್ಕಿಗ | 7 ಜನವರಿ 2025

ನಾನು ಕಂದಾಯ ಇಲಾಖೆಯಲ್ಲಿ ಗ್ರಾಮ ಲೆಕ್ಕಿಗನಾಗಿದ್ದವನು. ಹಳ್ಳಿಗಳಲ್ಲಿ ಜನನ ಮರಣದ ಪುಸ್ತಕ ನಮ್ಮ ಕೈಯಲ್ಲೇ ಇರುತ್ತಿದ್ದುದರಿಂದ ಆ ಕಡೆಯ ಮಾತನ್ನು ಹೇಳಬೇಕೆನಿಸಿತು. ತುಂಗಾತೀರ ಅವರಿಗಾದ ಅವಮಾನ ಯಾರಿಗೂ ಆಗಬಾರದು. ಆದರೂ ಹಳೆಯ ಹೆಸರನ್ನು ಪೂರ್ತಿ ಅಳಿಸಿದರೆ ಕಷ್ಟವಾಗುವುದು ಅವರಿಗೇ ಎಂಬುದನ್ನು ಯೋಚಿಸಬೇಕು.

ಪೌತಿ ಖಾತೆಯ ಉದಾಹರಣೆ ತೆಗೆದುಕೊಳ್ಳಿ. ತಂದೆ ತೀರಿಕೊಂಡ ಮೇಲೆ ಪಹಣಿಯಲ್ಲಿ ಮಕ್ಕಳ ಹೆಸರು ಸೇರಬೇಕಾದರೆ ವಂಶವೃಕ್ಷ ಬೇಕು. ವಂಶವೃಕ್ಷದಲ್ಲಿ ಮೂರು ಮಂದಿ ಗಂಡುಮಕ್ಕಳೆಂದು ಊರಿನವರು ಹೇಳುತ್ತಾರೆ, ಹಳೆಯ ಪಡಿತರ ಚೀಟಿಯಲ್ಲೂ ಹಾಗೆಯೇ ಇರುತ್ತದೆ. ಮೂರನೆಯವರು ಬೇರೆ ಹೆಸರಿನಲ್ಲಿ, ಮಗಳಾಗಿ ಬಂದು ನಿಂತರೆ, ಪಾಲು ತಪ್ಪಿಸಬೇಕೆಂದು ಕಾದಿರುವ ದಾಯಾದಿಗಳು ಇವರು ನಮ್ಮ ಮನೆಯವರೇ ಅಲ್ಲವೆಂದು ತಕರಾರು ಅರ್ಜಿ ಕೊಡುತ್ತಾರೆ. ಮ್ಯುಟೇಶನ್ ಅಲ್ಲಿಗೆ ನಿಂತು, ಪ್ರಕರಣ ತಹಶೀಲ್ದಾರರ ಮುಂದೆ ಹೋಗಿ, ಅಲ್ಲಿಂದ ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ. ಆಗ ಎರಡೂ ಹೆಸರಿರುವ ಸರ್ಕಾರಿ ದಾಖಲೆ ಒಂದಿದ್ದರೆ ಬೇರೆ ಸಾಕ್ಷಿಯೇ ಬೇಡ. ನ್ಯಾಯಾಲಯ ಎರಡನ್ನೂ ಇಡಲು ಹೇಳಿದ್ದರ ಹಿಂದೆ ಇಂತಹ ಕಾಳಜಿಯೂ ಇದ್ದಿರಬಹುದೆಂದು ನನಗೆ ತೋರುತ್ತದೆ.

ಅಕ್ಕನ_ತಮ್ಮ | 7 ಜನವರಿ 2025

ನಿವೃತ್ತ ಲೆಕ್ಕಿಗರು ಹೇಳಿದ್ದು ನಮ್ಮ ಮನೆಯಲ್ಲಿ ಹೆಚ್ಚು ಕಡಿಮೆ ಹಾಗೆಯೇ ನಡೆಯಿತು. ಅಪ್ಪ ತೀರಿಕೊಂಡ ಮೇಲೆ ಚಿಕ್ಕಪ್ಪನ ಮಕ್ಕಳು ನಮ್ಮಕ್ಕನ ಪಾಲಿನ ವಿಷಯದಲ್ಲಿ ತಕರಾರು ತೆಗೆದರು. ಅಕ್ಕ ಅದಾಗಲೇ ಹೆಸರು ಬದಲಿಸಿಕೊಂಡು ವರ್ಷಗಳೇ ಕಳೆದಿದ್ದವು. ನಾನೂ ಅಮ್ಮನೂ ಅಫಿಡವಿಟ್ ಮಾಡಿಸಿ, ಇವರೇ ಅವರು ಎಂದು ಸಹಿ ಹಾಕಿ, ಜಿಲ್ಲಾಧಿಕಾರಿಯವರ ಪ್ರಮಾಣಪತ್ರವನ್ನು ಲಗತ್ತಿಸಿದೆವು. ತಡವಾದರೂ ಪಹಣಿಯಲ್ಲಿ ಅಕ್ಕನ ಈಗಿನ ಹೆಸರೇ ಬಂತು. ಆದರೆ ಒಂದು ಮಾತನ್ನು ಸೇರಿಸುತ್ತೇನೆ. ಅಂದು ಹಳೆಯ ಹೆಸರನ್ನು ತೋರಿಸಬೇಕಾಗಿದ್ದುದು ಒಂದು ಕಚೇರಿಯಲ್ಲಿ, ಒಂದು ಕೆಲಸಕ್ಕೆ, ಅಕ್ಕನ ಒಪ್ಪಿಗೆಯ ಮೇಲೆ. ಜನನ ಪ್ರಮಾಣಪತ್ರವನ್ನು ಪಾಸ್‌ಪೋರ್ಟಿಗೂ ಕೊಡುತ್ತೇವೆ, ವಿಮೆಗೂ ಕೊಡುತ್ತೇವೆ, ಬಾಡಿಗೆ ಮನೆಯ ಮಾಲೀಕರು ಕೇಳಿದರೂ ಕೊಡುತ್ತೇವೆ. ಅಷ್ಟೂ ಕಡೆ ದಾಯಾದಿ ಜಗಳದ ಸಾಕ್ಷ್ಯವನ್ನು ಹೊತ್ತು ತಿರುಗಬೇಕೇಕೆ?

ಸವದತ್ತಿ_ಸೀಮೆ | 9 ಜನವರಿ 2025

ನಾನು ಯಲ್ಲಮ್ಮನ ಸೇವೆಗೆ ಮುಡಿಪಾದ ಜೋಗಪ್ಪಗಳ ನಡುವೆ ಬೆಳೆದವಳು. ಹೈಕೋರ್ಟಿನ ತೀರ್ಪನ್ನು ಸ್ವಾಗತಿಸುತ್ತೇನೆ, ಆದರೆ ಈ ಚರ್ಚೆಯಲ್ಲಿ ಜನನ ಪ್ರಮಾಣಪತ್ರವೇ ಇಲ್ಲದವರ ನೆನಪೂ ಇರಲಿ. ನಮ್ಮಲ್ಲಿ ಎಷ್ಟೋ ಹಿರಿಯರು ಮನೆಯಲ್ಲೇ ಹುಟ್ಟಿದವರು, ಮೂರನೆಯದೋ ನಾಲ್ಕನೆಯದೋ ತರಗತಿಗೆ ಶಾಲೆ ಬಿಟ್ಟವರು, ಮುತ್ತು ಕಟ್ಟಿಸಿಕೊಂಡು ದೇವಿಗೆ ಮುಡಿಪಾದ ಮೇಲೆ ಮನೆಯ ಪಡಿತರ ಚೀಟಿಯಿಂದ ಹೆಸರು ತೆಗೆಸಿಕೊಂಡವರು. ಜಿಲ್ಲಾಧಿಕಾರಿಯವರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾದರೆ ಆ ಜಿಲ್ಲೆಯಲ್ಲಿ ಹಿಂದಿನ ಹನ್ನೆರಡು ತಿಂಗಳು ಸತತವಾಗಿ ವಾಸವಿರಬೇಕು. ಬೆಂಗಳೂರಿನ ಹಮಾಮಿನಲ್ಲಿ (ನಮ್ಮ ಸಮುದಾಯದವರು ಒಟ್ಟಾಗಿ ಬದುಕುವ ಸ್ನಾನದ ಮನೆಯಲ್ಲಿ) ಗುರುವಿನ ಜೊತೆ ಇರುವವಳು, ಊರೂರು ತಿರುಗಿ ಜೋಗ ಬೇಡುವವಳು ವಾಸಸ್ಥಳದ ದಾಖಲೆಯನ್ನು ಎಲ್ಲಿಂದ ತರಬೇಕು? 2011ರ ಜನಗಣತಿ ಕರ್ನಾಟಕದಲ್ಲಿ ‘ಇತರೆ’ ಎಂದು ಲೆಕ್ಕ ಹಾಕಿದ್ದು 20,266 ಮಂದಿಯನ್ನು ಮಾತ್ರ. ಯಲ್ಲಮ್ಮನ ಜಾತ್ರೆಯನ್ನು ಕಣ್ಣಾರೆ ಕಂಡವರು ಆ ಅಂಕಿಯನ್ನು ನಂಬಲಾರರು.

ಇನ್ನೊಂದು ವಿಷಯವನ್ನು ಕಚೇರಿಗಳಲ್ಲಿರುವವರು ದಯವಿಟ್ಟು ಅರ್ಥ ಮಾಡಿಕೊಳ್ಳಬೇಕು. ಸರ್ಕಾರದ ಪುಸ್ತಕದಲ್ಲಿ ಹೆಸರು ಬರೆಸುವುದೆಂದರೆ ನಮ್ಮವರಿಗೆ ಭಯ, ಮತ್ತು ಆ ಭಯಕ್ಕೆ ಕಾರಣವಿದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಒಂದು ಭಾಗವನ್ನೇ ನಮಗಾಗಿ ಮೀಸಲಿಟ್ಟು, ಅನುಮಾನ ಬಂದವರ ಹೆಸರು, ವಿಳಾಸಗಳನ್ನು ಪುಸ್ತಕದಲ್ಲಿ ಬರೆಸುತ್ತಿದ್ದರು. ಅದು ಹೋಯಿತೆಂದುಕೊಂಡರೆ, 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ ಅದೇ ರೀತಿಯ ಪುಸ್ತಕ ಇಡುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೆ ಕೊಟ್ಟರು. ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ನಮ್ಮನ್ನು ಹೆಸರಿಸಿದ್ದ ಪದವನ್ನು ತೆಗೆದರು. ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಅತ್ತಿದ್ದೇವೆ, ಅವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದಾಗ ಹೆಮ್ಮೆ ಪಟ್ಟಿದ್ದೇವೆ. ಹಾಗೆಂದು ಠಾಣೆಯಲ್ಲಿ ರಾತ್ರಿ ಕಳೆದವರು ತಮ್ಮ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಲು ಹಿಂಜರಿದರೆ ಅದನ್ನು ಅಜ್ಞಾನ ಎನ್ನಬೇಡಿ.

ಗುರುತಿನ ಚೀಟಿ ಇದ್ದರೆ ಪ್ರಯೋಜನವಿಲ್ಲವೆಂದು ನಾನು ಹೇಳುವುದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರಿಗೆ ರಾಜ್ಯ ಸರ್ಕಾರ ಕೊಡುವ ಮೈತ್ರಿ ಪಿಂಚಣಿ ಬರುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರ ಹಾಗೆ ನಮಗೂ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಆದರೆ ಆಧಾರ್ ಕಾರ್ಡಿನಲ್ಲಿ ಪುರುಷ ಎಂದಿದ್ದರೆ ಕಂಡಕ್ಟರ್ ಟಿಕೆಟ್ ಯಂತ್ರವನ್ನು ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾರೆ, ಹಿಂದಿನ ಸೀಟಿನವರು ಮಾತನಾಡಲು ಶುರು ಮಾಡುತ್ತಾರೆ.

ಪ್ರಶ್ನೆಗಾರ | 9 ಜನವರಿ 2025

ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಒಬ್ಬರ ಮೇಲೆ ಸಾಲವಿದ್ದು, ಅಥವಾ ಪೊಲೀಸ್ ಪ್ರಕರಣವಿದ್ದು, ಅವರು ಹೆಸರನ್ನೂ ಲಿಂಗವನ್ನೂ ಬದಲಿಸಿಕೊಂಡು ಹಳೆಯದರ ಗುರುತೇ ಇಲ್ಲದಂತೆ ಹೊಸ ದಾಖಲೆ ಪಡೆದರೆ ಅದನ್ನು ತಡೆಯುವ ವ್ಯವಸ್ಥೆ ಏನಿದೆ?

ವಕೀಲ_ಧಾರವಾಡ | 9 ಜನವರಿ 2025

ನ್ಯಾಯವಾದ ಪ್ರಶ್ನೆ. 2020ರ ನಿಯಮಗಳಲ್ಲೇ ಇದಕ್ಕೆ ಉತ್ತರವಿದೆ. ಬದಲಾದ ಪ್ರತಿಯೊಂದು ದಾಖಲೆಯೂ ಮೂಲ ದಾಖಲೆಯ ಅದೇ ಕ್ರಮಸಂಖ್ಯೆಯನ್ನು ಹೊಂದಿರಬೇಕು. ಆಧಾರ್ ಸಂಖ್ಯೆ ಬದಲಾಗುವುದಿಲ್ಲ, ಬೆರಳಚ್ಚು ಬದಲಾಗುವುದಿಲ್ಲ, ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ, ಜನನ ನೋಂದಣಿಯ ಸಂಖ್ಯೆ ಮತ್ತು ದಿನಾಂಕ ಬದಲಾಗುವುದಿಲ್ಲ. ಬ್ಯಾಂಕಿನವರು ಸಾಲಗಾರರನ್ನು ಹುಡುಕುವುದು ಈ ಸಂಖ್ಯೆಗಳಿಂದ. ಮದುವೆಯ ನಂತರ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳು, ರಾಜ್ಯಪತ್ರದಲ್ಲಿ ಪ್ರಕಟಿಸಿ ಹೆಸರು ಬದಲಿಸಿಕೊಂಡವರು ನಮ್ಮಲ್ಲಿ ಅಸಂಖ್ಯಾತ ಮಂದಿ ಇದ್ದಾರೆ. ಅವರೆಲ್ಲ ಸಾಲ ತಪ್ಪಿಸಿಕೊಳ್ಳಲು ಹೀಗೆ ಮಾಡಿದರೆಂದು ನಾವು ಶಂಕಿಸುವುದಿಲ್ಲ. ಅದೇ ನಂಬಿಕೆಯನ್ನು ಲಿಂಗತ್ವ ಅಲ್ಪಸಂಖ್ಯಾತರ ಮೇಲೂ ಇಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಸ್ಟರ್_ಕನ್ನಡಿಗ | 11 ಜನವರಿ 2025

ಇಂಗ್ಲೆಂಡಿನಲ್ಲಿ ಇದೇ ವಾದ ಇಪ್ಪತ್ತು ವರ್ಷಗಳ ಹಿಂದೆ ನಡೆದುದರಿಂದ ಇಲ್ಲಿಯ ಅನುಭವವನ್ನು ತಿಳಿಸುತ್ತೇನೆ. ಬ್ರಿಟಿಷ್ ಸರ್ಕಾರ ಟ್ರಾನ್ಸ್ ಮಹಿಳೆಯೊಬ್ಬರ ಜನನ ದಾಖಲೆಯನ್ನು ಬದಲಿಸಲು ನಿರಾಕರಿಸಿದ್ದು ಅವರ ಖಾಸಗಿ ಜೀವನದ ಹಕ್ಕಿನ ಉಲ್ಲಂಘನೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2002ರಲ್ಲಿ, ಗುಡ್ವಿನ್ ಪ್ರಕರಣದಲ್ಲಿ ತೀರ್ಪು ನೀಡಿತು. ಅದರ ಫಲವಾಗಿ 2004ರಲ್ಲಿ ಕಾಯ್ದೆ ಬಂತು. ಆ ಕಾಯ್ದೆಯಡಿ ಮಾನ್ಯತೆ ಪಡೆದವರಿಗೆ ಹೊಸ ಹೆಸರು ಮತ್ತು ಲಿಂಗ ಮಾತ್ರ ಇರುವ ಜನನ ಪ್ರಮಾಣಪತ್ರ ಸಿಗುತ್ತದೆ. ಹಳೆಯ ನಮೂದನ್ನು ಅಳಿಸುವುದಿಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ಕೊಂಡಿ ಮಾತ್ರ ಸಾರ್ವಜನಿಕರಿಗೆ ತೆರೆದಿರುವುದಿಲ್ಲ. ಅಧಿಕಾರದ ಸ್ಥಾನದಲ್ಲಿದ್ದುಕೊಂಡು ಇಂತಹ ಮಾಹಿತಿಯನ್ನು ತಿಳಿದವರು ಕಾನೂನು ಒಪ್ಪದ ರೀತಿಯಲ್ಲಿ ಅದನ್ನು ಹೊರಹಾಕಿದರೆ 22ನೇ ಕಲಮಿನ ಪ್ರಕಾರ ಅಪರಾಧ.

ಇಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನುತ್ತಿಲ್ಲ. ಆ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ವೈದ್ಯಕೀಯ ವರದಿ ಬೇಕು, ಎರಡು ವರ್ಷ ಆ ಲಿಂಗದಲ್ಲಿ ಬದುಕಿರುವುದಕ್ಕೆ ಪುರಾವೆ ಬೇಕು. ಭಾರತದಲ್ಲಿ ಅಫಿಡವಿಟ್ ಸಾಕಾದ ಕಡೆ ಇಲ್ಲಿ ಒಂದು ಮಂಡಳಿಯ ಮುಂದೆ ಕಾಯಬೇಕು. ಒಳಗೆ ಹೋಗುವ ಬಾಗಿಲು ಭಾರತದ್ದೇ ದೊಡ್ಡದು, ಆದರೆ ಒಳಗೆ ಹೋದವರ ಗೋಪ್ಯತೆಗೆ ಕದವಿಲ್ಲ.

ಮಲೆನಾಡಿನ_ಅಣ್ಣ | 12 ಜನವರಿ 2025

ಟ್ರಾನ್ಸ್ ಪುರುಷರ ಕಡೆಯಿಂದ ಎರಡು ಮಾತು, ಏಕೆಂದರೆ ಇಂತಹ ಚರ್ಚೆಗಳಲ್ಲಿ ನಾವಿದ್ದೇವೆಂಬುದೇ ಮರೆತುಹೋಗುತ್ತದೆ. 6ನೇ ಕಲಮಿನ ಪ್ರಮಾಣಪತ್ರ ನನ್ನನ್ನು ಟ್ರಾನ್ಸ್‌ಜೆಂಡರ್ ಎಂದು ಗುರುತಿಸುತ್ತದೆ. ಪುರುಷ ಎಂದೇ ಬರೆಸಬೇಕಾದರೆ 7ನೇ ಕಲಮಿನಡಿ ಪರಿಷ್ಕೃತ ಪ್ರಮಾಣಪತ್ರ ಬೇಕು, ಅದಕ್ಕೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ವೈದ್ಯಾಧಿಕಾರಿಯ ಪತ್ರ ಬೇಕು. ನಾಲ್ಸಾ ತೀರ್ಪು ಯಾವುದನ್ನು ಬೇಡವೆಂದಿತೋ ಅದು ಹಿತ್ತಿಲ ಬಾಗಿಲಿನಿಂದ ಮರಳಿ ಬಂದಿದೆ. ನಿಯಮಗಳು ವೈದ್ಯಕೀಯ ನೆರವು ಎಂಬುದಕ್ಕೆ ಆಪ್ತಸಮಾಲೋಚನೆ ಮತ್ತು ಹಾರ್ಮೋನ್ ಚಿಕಿತ್ಸೆಯನ್ನೂ ಸೇರಿಸಿಕೊಂಡಿರುವುದು ಒಂದು ಸಮಾಧಾನ. ಅರ್ಜಿ ಹಾಕುವವರು ಆ ವ್ಯಾಖ್ಯಾನವನ್ನು ಮುದ್ರಿಸಿಕೊಂಡೇ ಹೋಗಿ, ಮೇಜಿನ ಮೇಲಿಟ್ಟು ತೋರಿಸಿ.

ಇನ್ನೊಂದು ಎಚ್ಚರಿಕೆ: ಆಧಾರ್‌ನಲ್ಲಿ ಲಿಂಗವನ್ನು ಸಾಮಾನ್ಯ ಕ್ರಮದಲ್ಲಿ ಒಮ್ಮೆ ಮಾತ್ರ ಬದಲಿಸಬಹುದು. ಮೊದಲು ಟ್ರಾನ್ಸ್‌ಜೆಂಡರ್ ಎಂದು ಬದಲಿಸಿ, ಪರಿಷ್ಕೃತ ಪ್ರಮಾಣಪತ್ರ ಬಂದ ಮೇಲೆ ಪುರುಷ ಅಥವಾ ಮಹಿಳೆ ಎಂದು ಬದಲಿಸಲು ಹೋದರೆ ಕೇಂದ್ರದಲ್ಲಿ ಅರ್ಜಿ ತಿರಸ್ಕೃತವಾಗಿ, ವಿಶೇಷ ಮನವಿಯ ದಾರಿ ಹಿಡಿಯಬೇಕಾಗುತ್ತದೆ. 7ನೇ ಕಲಮಿನಡಿ ಹೋಗುವ ಯೋಚನೆ ಇರುವವರು ಯಾವ ದಾಖಲೆಯನ್ನು ಯಾವಾಗ ಬದಲಿಸಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ.

ನಿವೃತ್ತ_ಲೆಕ್ಕಿಗ | 12 ಜನವರಿ 2025

ಲೆಸ್ಟರಿನವರು ಬರೆದುದನ್ನು ಓದಿದ ಮೇಲೆ ನನ್ನ ಹಳೆಯ ಕೆಲಸದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಾವು ಸಾರ್ವಜನಿಕರಿಗೆ ಕೊಡುವುದು ನೋಂದಣಿ ಪುಸ್ತಕವನ್ನಲ್ಲ, ಅದರ ಉದ್ಧೃತಿಯನ್ನು, ಅಂದರೆ ಅದರಿಂದ ಆಯ್ದು ಬರೆದುಕೊಡುವ ಪ್ರಮಾಣಪತ್ರವನ್ನು. ಪುಸ್ತಕದಲ್ಲಿರುವುದೆಲ್ಲ ಉದ್ಧೃತಿಗೆ ಬರಬೇಕೆಂದಿಲ್ಲ. ಮರಣದ ನೋಂದಣಿಯನ್ನೇ ನೋಡಿ. ಸಾವಿನ ಕಾರಣ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಆದರೆ ಮರಣದ ಉದ್ಧೃತಿಯಲ್ಲಿ ಸಾವಿನ ಕಾರಣವನ್ನು ಯಾರಿಗೂ ತಿಳಿಸಕೂಡದೆಂದು 1969ರ ಕಾಯ್ದೆಯ 17ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಆತ್ಮಹತ್ಯೆಯೋ, ಜನ ಆಡಿಕೊಳ್ಳುವ ಕಾಯಿಲೆಯೋ ಏನೇ ಇದ್ದರೂ ಮನೆಯವರು ಬ್ಯಾಂಕಿಗೆ ಒಯ್ಯುವ ಹಾಳೆಯಲ್ಲಿ ಅದು ಕಾಣುವುದಿಲ್ಲ. ಸರ್ಕಾರಕ್ಕೆ ಬೇಕಾದ ಮಾಹಿತಿ ಸರ್ಕಾರದ ಬಳಿ ಉಳಿಯಿತು, ಕುಟುಂಬದ ಮರ್ಯಾದೆ ಕುಟುಂಬದ ಬಳಿ ಉಳಿಯಿತು.

15ನೇ ಕಲಂ ಕೂಡ ಮೂಲ ನಮೂದನ್ನು ಹಾಗೆಯೇ ಬಿಟ್ಟು, ಅಂಚಿನಲ್ಲಿ ತಿದ್ದುಪಡಿ ಬರೆದು, ಸಹಿ ಮಾಡಿ, ದಿನಾಂಕ ಹಾಕಬೇಕೆಂದೇ ಹೇಳುತ್ತದೆ. ಆದ್ದರಿಂದ ನಾನು ಪೌತಿ ಖಾತೆಯ ಬಗ್ಗೆ ಹೇಳಿದ ಅಗತ್ಯಕ್ಕೂ ತುಂಗಾತೀರ ಅವರ ಅಗತ್ಯಕ್ಕೂ ಈ ಕಾಯ್ದೆಯೊಳಗೇ ಜಾಗ ಮಾಡಬಹುದು. ಪುಸ್ತಕದ ಅಂಚಿನಲ್ಲಿ ಎರಡೂ ಹೆಸರು ಇರಲಿ, ಉದ್ಧೃತಿಯಲ್ಲಿ ಈಗಿನದು ಮಾತ್ರ ಬರಲಿ. ಆಸ್ತಿಯ ವಿಷಯಕ್ಕೆ ಹಳೆಯದು ಬೇಕಾದಾಗ ಆ ವ್ಯಕ್ತಿಯೇ ಅರ್ಜಿ ಕೊಟ್ಟು, ಅಥವಾ ನ್ಯಾಯಾಲಯದ ಆದೇಶದ ಮೇಲೆ, ಪೂರ್ಣ ನಮೂದಿನ ಪ್ರತಿ ಪಡೆಯಲಿ. ಹೊಸ ಕಾಯ್ದೆ ಬೇಕಿಲ್ಲ, 17ನೇ ಕಲಮಿಗೆ ಒಂದು ಪರಂತುಕ (ಕಲಮಿಗೆ ಸೇರಿಸುವ ಷರತ್ತಿನ ವಾಕ್ಯ) ಸಾಕು.

ವಕೀಲ_ಧಾರವಾಡ | 12 ಜನವರಿ 2025

ನಿವೃತ್ತ ಲೆಕ್ಕಿಗರೇ, ನೀವು ಹೇಳಿದ್ದು ಕಾನೂನು ಆಯೋಗಕ್ಕೆ ಕಳುಹಿಸಲು ಯೋಗ್ಯವಾದ ಸಲಹೆ. 1969ರ ಕಾಯ್ದೆ ಕೇಂದ್ರದ್ದಾದುದರಿಂದ ಅದರ ಪಠ್ಯ ಬದಲಾಗಲು ಸಮಯ ಬೇಕು. ಆದರೆ ಉದ್ಧೃತಿಯ ನಮೂನೆಗಳು ರಾಜ್ಯದ ನಿಯಮಗಳಲ್ಲಿವೆ. ನಮ್ಮ ರಾಜ್ಯ 2021ರಲ್ಲಿ ನೇಮಕಾತಿ ನಿಯಮಗಳನ್ನು ತಿದ್ದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇಕಡಾ 1ರಷ್ಟು ಸಮತಲ ಮೀಸಲಾತಿ (ಪ್ರತಿ ಮೀಸಲು ವರ್ಗದ ಒಳಗೇ ಸಿಗುವ ಪಾಲು) ಕೊಟ್ಟು ದೇಶಕ್ಕೇ ಮೊದಲಾಯಿತು. ಮನಸ್ಸಿದ್ದರೆ ನಿಯಮ ತಿದ್ದುವುದು ಎಷ್ಟು ಬೇಗ ಆಗುತ್ತದೆಂದು ಆಗ ನೋಡಿದ್ದೇವೆ. ಆ ಮೀಸಲಾತಿಯಡಿ ಅರ್ಜಿ ಹಾಕುವವರಿಗೂ ಹೊಂದಿಕೆಯಾಗುವ ದಾಖಲೆಗಳು ಬೇಕೇ ಬೇಕು.

ತುಂಗಾತೀರ | 14 ಜನವರಿ 2025

ಎಲ್ಲರಿಗೂ ಕೃತಜ್ಞತೆಗಳು. ಅಂಕಪಟ್ಟಿಗೆ ನಾಳೆಯೇ ಅರ್ಜಿ ಬರೆಯುತ್ತೇನೆ, 6ನೇ ಕಲಮಿನ 2ನೇ ಉಪಕಲಂ ಮತ್ತು 7ನೇ ಕಲಮಿನ 3ನೇ ಉಪಕಲಂಗಳನ್ನೂ ನಿಯಮಗಳ ಅನುಬಂಧವನ್ನೂ ಅದಕ್ಕೆ ಲಗತ್ತಿಸುತ್ತೇನೆ. ಜನನ ಪ್ರಮಾಣಪತ್ರದ ಅರ್ಜಿಯನ್ನು ಸದ್ಯಕ್ಕೆ ತಡೆಹಿಡಿದಿದ್ದೇನೆ, ತುರ್ತಿರುವವರು ಕಾಯಬೇಕಿಲ್ಲ. ನಿವೃತ್ತ ಲೆಕ್ಕಿಗರು ಹೇಳಿದ ಪರಂತುಕದ ಕರಡನ್ನು ವಕೀಲರು ತಿದ್ದಿಕೊಟ್ಟರೆ ನಾವೆಲ್ಲ ಸೇರಿ ಕಾನೂನು ಆಯೋಗಕ್ಕೆ ಕಳುಹಿಸೋಣ. ಸವದತ್ತಿಯ ಅಕ್ಕ, ಜನನ ನೋಂದಣಿಯೇ ಇಲ್ಲದವರ ಮತ್ತು ವಾಸಸ್ಥಳದ ದಾಖಲೆಯಿಲ್ಲದವರ ವಿಷಯವನ್ನು ಆ ಮನವಿಯ ಮೊದಲ ಪುಟದಲ್ಲೇ ಸೇರಿಸಬೇಕೆಂದು ನನಗನ್ನಿಸುತ್ತದೆ, ಆ ಭಾಗವನ್ನು ನೀವೇ ಬರೆದುಕೊಡಬೇಕು. ಕರಡು ಬಂದ ಮೇಲೆ ಇದೇ ಚರ್ಚೆಯಲ್ಲಿ ಹಾಕುತ್ತೇನೆ. ಸಹಿ ಹಾಕುವವರು ಯಾವ ಹೆಸರಿನಲ್ಲಿ ಬೇಕಾದರೂ ಹಾಕಬಹುದು.